ಏಳು ಮೊಟ್ಟೆ ಕಡಿಮೆ!
ಗಣಕಯಂತ್ರಕ್ಕೆ ‘ಮೇಲಕ್ಕೆ ಏರಿಸು’ ಎಂದು ಹೇಳುವುದು ಹೇಗೆ?

ಮಧ್ಯಾಹ್ನದ ಬಿಸಿಯೂಟದ ಗಂಟೆ ಹೊಡೆದಿದೆ. ಸಿರುಗುಪ್ಪ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಮಕ್ಕಳು ತಟ್ಟೆ ಇಟ್ಟುಕೊಂಡು ಸಾಲಾಗಿ ಕುಳಿತಿದ್ದಾರೆ. ಅನ್ನ ಬಂತು, ಸಾಂಬಾರು ಬಂತು, ಮೊಟ್ಟೆಯೂ ಬಂತು. ಆದರೆ ಸಾಲಿನ ತುದಿಯಲ್ಲಿದ್ದ ಏಳು ಮಕ್ಕಳ ತಟ್ಟೆಗೆ ಮೊಟ್ಟೆ ಬರಲೇ ಇಲ್ಲ.

“ತತ್ತಿ ಏಳು ಕಮ್ಮಿ ಬಿದ್ದಾವ್ರಿ ಸರ್” ಎಂದರು ಅಡುಗೆ ಮಾಡುವ ಅಕ್ಕ.

“ಅದ್ಹೆಂಗಕ್ಕ? ಕಂಪ್ಯೂಟರಿನಾಗ ಲೆಕ್ಕ ಹಾಕೇ ತರಿಸಿದ್ವಲ್ಲ!” ಎಂದರು ಮೇಷ್ಟ್ರು.

ಹಾಗಾದರೆ ತಪ್ಪು ಯಾರದು? ಕಂಪ್ಯೂಟರಿನದೇ? ಅಲ್ಲ. ಕಂಪ್ಯೂಟರ್ ತನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತು. ಅದಕ್ಕೆ ಹೇಳಿದ ಮಾತಿನಲ್ಲೇ ಒಂದು ಸಣ್ಣ ಕೊರತೆ ಇತ್ತು. ಆ ಕೊರತೆ ಯಾವುದು, ಅದನ್ನು ಸರಿಪಡಿಸುವುದು ಹೇಗೆ ಎಂದು ಈಗ ನೋಡೋಣ ಬನ್ನಿ.

ಟ್ರೇ ಲೆಕ್ಕ

ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆಯು 2021ರ ಡಿಸೆಂಬರ್ ತಿಂಗಳಲ್ಲಿ ನಮ್ಮ ರಾಜ್ಯದ ಕೆಲವೇ ಜಿಲ್ಲೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ಬಳ್ಳಾರಿ ಜಿಲ್ಲೆಯೂ ಒಂದು. ಮಕ್ಕಳಲ್ಲಿನ ಅಪೌಷ್ಟಿಕತೆಯನ್ನು ಕಡಿಮೆ ಮಾಡುವುದು ಇದರ ಉದ್ದೇಶ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಮಾಡಲಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಬೆಳೆಯುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಏಳು ಮೊಟ್ಟೆ ಕಡಿಮೆಯಾದರೆ ಅದು ಲೆಕ್ಕದ ಪುಸ್ತಕದ ತಪ್ಪು ಮಾತ್ರವಲ್ಲ, ಏಳು ಮಕ್ಕಳ ಊಟದ ಪ್ರಶ್ನೆ.

ಅಂಗಡಿಯಲ್ಲಿ ಮೊಟ್ಟೆ ಜೋಡಿಸಿಟ್ಟ ಟ್ರೇ ನೀವು ನೋಡಿದ್ದೀರಿ. ಒಂದು ಸಾಲಿಗೆ 6ರಂತೆ 5 ಸಾಲು. ಒಟ್ಟು 30 ಮೊಟ್ಟೆ. ನಮ್ಮ ಶಾಲೆಗೆ ಇಡೀ ಟ್ರೇಗಳಲ್ಲೇ ಮೊಟ್ಟೆ ಬರುತ್ತದೆ, ಬಿಡಿ ಮೊಟ್ಟೆ ಬರುವುದಿಲ್ಲ ಎಂದುಕೊಳ್ಳೋಣ. ಅಂದರೆ ನಾವು ತರಿಸಬಹುದಾದ ಮೊಟ್ಟೆಗಳ ಸಂಖ್ಯೆ 30, 60, 90, 120, 150... ಹೀಗೆ 30ರ ಅಪವರ್ತ್ಯಗಳು ಮಾತ್ರ.

ಅಂದು ಮೊಟ್ಟೆ ತಿನ್ನುವ ಮಕ್ಕಳು 127 ಮಂದಿ. ಎಷ್ಟು ಟ್ರೇ ಬೇಕು?

127ನ್ನು 30ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 7. ಪೂರ್ಣ ಸಂಖ್ಯೆಗಳ ಭಾಗಾಕಾರ ಮಾಡು ಎಂದರೆ ಕಂಪ್ಯೂಟರ್ ಭಾಗಲಬ್ಧ 4ನ್ನು ಕೊಟ್ಟು ಶೇಷವನ್ನು ಕೈಬಿಡುತ್ತದೆ. ಮೇಷ್ಟ್ರು 4 ಟ್ರೇ ತರಿಸಿದರು. 4 × 30 = 120. ಕೈಬಿಟ್ಟ ಆ ಶೇಷವೇ ಸಾಲಿನ ತುದಿಯಲ್ಲಿ ಕುಳಿತಿದ್ದ ಏಳು ಮಕ್ಕಳು!

ಸಮೀಪದ ಅಪವರ್ತ್ಯ ತೆಗೆದುಕೊಂಡರೆ ಆಗದೇ ಎಂದು ನೀವು ಕೇಳಬಹುದು. 127ಕ್ಕೆ 120 ಹತ್ತಿರವೋ, 150 ಹತ್ತಿರವೋ? 120ಕ್ಕೆ 7 ಅಂತರ, 150ಕ್ಕೆ 23 ಅಂತರ. ಹೀಗೆ ನೋಡಿದರೂ 120 ಬರುತ್ತದೆ. ಆದ್ದರಿಂದ ಇಲ್ಲಿ ಸಮೀಪದ್ದೂ ಸಾಲದು. ನಮಗೆ ಬೇಕಾದದ್ದು 127ಕ್ಕಿಂತ ಕಡಿಮೆಯಾಗದ, 30ರ ಅತಿ ಚಿಕ್ಕ ಅಪವರ್ತ್ಯ. ಅದು 150. ಇದಕ್ಕೆ ಸಂಖ್ಯೆಯನ್ನು ಅಪವರ್ತ್ಯಕ್ಕೆ ‘ಮೇಲಕ್ಕೆ ಏರಿಸುವುದು’ ಎನ್ನೋಣ.

ಒಂದು ಸೇರಿಸಿದರೆ ಸಾಕೇ?

“ಇದರಲ್ಲೇನಿದೆ? ಭಾಗಿಸಿ ಬಂದ ಉತ್ತರಕ್ಕೆ ಒಂದು ಸೇರಿಸಿದರಾಯಿತು!” ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. 4 + 1 = 5 ಟ್ರೇ. 150 ಮೊಟ್ಟೆ. ಸರಿಯಾಗಿಯೇ ಬಂತು.

ಅವಸರ ಬೇಡ. ಇನ್ನೊಂದು ದಿನ 120 ಮಕ್ಕಳು ಬಂದರು ಎಂದುಕೊಳ್ಳಿ. 120 ÷ 30 = 4. ಶೇಷ 0. ಸರಿಯಾಗಿ 4 ಟ್ರೇ ಸಾಕು. ಆದರೆ ಒಂದು ಸೇರಿಸುವ ವಿಧಾನ 5 ಟ್ರೇ ಎನ್ನುತ್ತದೆ. 30 ಮೊಟ್ಟೆ ಸುಮ್ಮನೆ ಹೆಚ್ಚು! ಶಾಲೆಗೆ ರಜೆ ಇದ್ದು ಮಕ್ಕಳ ಸಂಖ್ಯೆ 0 ಆದ ದಿನವೂ ಅದು ಒಂದು ಟ್ರೇ ತರಿಸುತ್ತದೆ.

ಇದು ಮೋಸದ ತಪ್ಪು. ಏಕೆಂದರೆ 127, 95, 68 ಎಂದು ಯಾವುದೋ ಸಂಖ್ಯೆ ಕೊಟ್ಟು ಪರೀಕ್ಷಿಸಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಸಂಖ್ಯೆ 30ರ ಅಪವರ್ತ್ಯವೇ ಆಗಿದ್ದಾಗ ಮಾತ್ರ ತಪ್ಪು ಹೊರಬೀಳುತ್ತದೆ. ಆದ್ದರಿಂದ ಕಂಪ್ಯೂಟರಿಗೆ ಕ್ರಮವಿಧಿ ಬರೆಯುವವರು ಮೂರು ಸಂಖ್ಯೆಗಳನ್ನು ತಪ್ಪದೆ ಪರೀಕ್ಷಿಸಬೇಕು: ಅಪವರ್ತ್ಯ, ಅದಕ್ಕಿಂತ ಒಂದು ಕಡಿಮೆ, ಅದಕ್ಕಿಂತ ಒಂದು ಹೆಚ್ಚು. ನಮ್ಮ ಲೆಕ್ಕದಲ್ಲಿ 120, 119 ಮತ್ತು 121. ಇವುಗಳ ಜೊತೆಗೆ 0.

29ರ ಗುಟ್ಟು

ಈಗ ಸರಿಯಾದ ವಿಧಾನ ನೋಡೋಣ. ಭಾಗಿಸುವುದಕ್ಕೆ ಮೊದಲೇ ಮಕ್ಕಳ ಸಂಖ್ಯೆಗೆ 29 ಸೇರಿಸಿ. ಆಮೇಲೆ 30ರಿಂದ ಭಾಗಿಸಿ ಶೇಷವನ್ನು ಬಿಟ್ಟುಬಿಡಿ.

119 + 29 = 148. ಭಾಗಲಬ್ಧ 4.
120 + 29 = 149. ಭಾಗಲಬ್ಧ 4.
121 + 29 = 150. ಭಾಗಲಬ್ಧ 5.
127 + 29 = 156. ಭಾಗಲಬ್ಧ 5.
0 + 29 = 29. ಭಾಗಲಬ್ಧ 0.

ಎಲ್ಲವೂ ಸರಿ! 29ರಲ್ಲಿ ಅಂಥದ್ದೇನಿದೆ? 29 ಎಂದರೆ ಒಂದು ಟ್ರೇಗೆ ಒಂದೇ ಮೊಟ್ಟೆ ಕಡಿಮೆ. ಸಂಖ್ಯೆ ಸರಿಯಾಗಿ ಅಪವರ್ತ್ಯವಾಗಿದ್ದರೆ ಈ 29ರಿಂದ ಹೊಸ ಟ್ರೇ ತುಂಬುವುದಿಲ್ಲ. ಅದು ಶೇಷವಾಗಿ ಉಳಿದು ಬಿದ್ದುಹೋಗುತ್ತದೆ. ಆದರೆ ಒಂದೇ ಒಂದು ಮೊಟ್ಟೆ ಹೆಚ್ಚು ಬೇಕಾಗಿದ್ದರೂ ಆ ಒಂದು ಮತ್ತು ಈ 29 ಸೇರಿ 30 ಆಗುತ್ತದೆ. ಹೊಸ ಟ್ರೇ ಲೆಕ್ಕಕ್ಕೆ ಸೇರುತ್ತದೆ.

ಇದನ್ನೇ ನಿಯಮವಾಗಿ ಹೀಗೆ ಬರೆಯಬಹುದು:

ಕಟ್ಟುಗಳ ಸಂಖ್ಯೆ = (ಬೇಕಾದದ್ದು + ಕಟ್ಟಿನ ಅಳತೆ − 1) ÷ ಕಟ್ಟಿನ ಅಳತೆ, ಶೇಷ ಬಿಟ್ಟು.

ಬಂದ ಉತ್ತರವನ್ನು ಮತ್ತೆ ಕಟ್ಟಿನ ಅಳತೆಯಿಂದ ಗುಣಿಸಿದರೆ ಏರಿಸಿದ ಅಪವರ್ತ್ಯ ಸಿಗುತ್ತದೆ. 5 × 30 = 150.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಮೂರನೆಯ ಆವೃತ್ತಿ 2008ರಲ್ಲಿ ಬಂತು. ಅದರಲ್ಲಿ ಹೆಸರುಗಳನ್ನು ಕನ್ನಡದಲ್ಲೂ ಬರೆಯಬಹುದು. ಶೇಷ ಬಿಟ್ಟು ಭಾಗಿಸಲು ಅದರಲ್ಲಿ ಎರಡು ಓರೆಗೆರೆ ಹಾಕುತ್ತಾರೆ. ನಮ್ಮ ಲೆಕ್ಕ ಹೀಗಿರುತ್ತದೆ:

ಮೊಟ್ಟೆ = 127
ಟ್ರೇ = (ಮೊಟ್ಟೆ + 29) // 30

ಇದೇ ಉತ್ತರಕ್ಕೆ ಇನ್ನೊಂದು ದಾರಿಯೂ ಇದೆ. ಮೊದಲು ಭಾಗಿಸಿ. ಶೇಷ 0 ಆಗಿದ್ದರೆ ಭಾಗಲಬ್ಧವೇ ಉತ್ತರ. ಶೇಷ 0 ಅಲ್ಲದಿದ್ದರೆ ಮಾತ್ರ ಒಂದು ಸೇರಿಸಿ. ಮೊದಲ ದಾರಿ ಚಿಕ್ಕದು, ಎರಡನೆಯದು ಓದಿದ ಕೂಡಲೇ ಅರ್ಥವಾಗುವಂಥದು.

ನೆಲ ಮತ್ತು ಛಾವಣಿ

ಶೇಷ ಬಿಟ್ಟು ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಯುವುದನ್ನು ಗಣಿತದಲ್ಲಿ ‘ನೆಲ’ ಎಂದೂ, ಮೇಲಿನ ಪೂರ್ಣ ಸಂಖ್ಯೆಗೆ ಏರುವುದನ್ನು ‘ಛಾವಣಿ’ ಎಂದೂ ಕರೆಯುತ್ತಾರೆ. ಈ ಹೆಸರುಗಳನ್ನೂ ಇವುಗಳ ಚಿಹ್ನೆಗಳನ್ನೂ 1962ರಲ್ಲಿ ಪ್ರಕಟಿಸಿದವರು ಕೆನಡಾದಲ್ಲಿ ಹುಟ್ಟಿದ ಗಣಿತಜ್ಞ ಕೆನೆತ್ ಐವರ್ಸನ್. ನಮ್ಮ ಊರಿನ ಮಾಳಿಗೆ ಮನೆಯನ್ನು ನೆನೆಯಿರಿ. ಏಣಿಯ ನಡುವೆ ನಿಂತವನು ನೆಲಕ್ಕಾದರೂ ಇಳಿಯಬೇಕು, ಮಾಳಿಗೆಗಾದರೂ ಏರಬೇಕು. 127 ಎಂಬುದು 120ರ ನೆಲಕ್ಕೂ 150ರ ಮಾಳಿಗೆಗೂ ನಡುವೆ ನಿಂತಿರುವ ಸಂಖ್ಯೆ.

ಕಂಪ್ಯೂಟರಿನ ಒಳಗೂ ಟ್ರೇಗಳಿವೆ!

ಕಂಪ್ಯೂಟರ್ ತನ್ನ ಒಳಗೂ ಇದೇ ಕೆಲಸವನ್ನು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಮಾಡುತ್ತದೆ. ನೀವು ಬರೆದ ಪತ್ರವನ್ನು ಅದು ಕಡತವಾಗಿ ಉಳಿಸುವಾಗ ಜಾಗವನ್ನು ಬೈಟ್‌ಗಳಲ್ಲಿ ಅಳೆಯುತ್ತದೆ. ಆದರೆ ಜಾಗವನ್ನು ಬಿಡಿ ಬೈಟ್‌ಗಳಾಗಿ ಕೊಡುವುದಿಲ್ಲ. ಸಾಮಾನ್ಯವಾಗಿ 4,096 ಬೈಟ್‌ಗಳ ಕಟ್ಟುಗಳಲ್ಲಿ ಕೊಡುತ್ತದೆ. 5,000 ಬೈಟ್‌ಗಳ ಕಡತಕ್ಕೆ ಎರಡು ಕಟ್ಟು, ಅಂದರೆ 8,192 ಬೈಟ್ ಜಾಗ ಹೋಗುತ್ತದೆ. ಉಳಿದ 3,192 ಬೈಟ್‌ಗಳ ಜಾಗ ಆ ಕಡತಕ್ಕೇ ಮೀಸಲು, ಅರ್ಧ ತುಂಬಿದ ಟ್ರೇ ಇದ್ದ ಹಾಗೆ.

4,096 ಎಂಬ ವಿಚಿತ್ರ ಸಂಖ್ಯೆ ಏಕೆ? 2ನ್ನು 12 ಸಲ ಬರೆದು ಗುಣಿಸಿದರೆ 4,096 ಬರುತ್ತದೆ. ಕಂಪ್ಯೂಟರಿಗೆ ತಿಳಿದಿರುವುದು 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿ. ಅದಕ್ಕೆ 2, 4, 8, 16ರಂಥ ಸಂಖ್ಯೆಗಳ ಅಪವರ್ತ್ಯಕ್ಕೆ ಏರಿಸುವುದು ತುಂಬ ಸುಲಭ.

ಹೇಗೆ ಎಂದು ತಿಳಿಯಲು ಮೊದಲು ನಮ್ಮ ಹತ್ತನ್ನೇ ನೋಡಿ. 43ನ್ನು 10ರ ಅಪವರ್ತ್ಯಕ್ಕೆ ಏರಿಸಬೇಕು. 9 ಸೇರಿಸಿ: 52. ಕೊನೆಯ ಅಂಕಿಯನ್ನು ಅಳಿಸಿ 0 ಬರೆಯಿರಿ: 50. ಆಯಿತು! 40 ಇದ್ದರೆ? 40 + 9 = 49. ಕೊನೆಗೆ 0 ಬರೆದರೆ 40. ಭಾಗಾಕಾರವೇ ಬೇಕಾಗಲಿಲ್ಲ.

ದ್ವಿಮಾನದಲ್ಲಿ 8ರ ಅಪವರ್ತ್ಯಗಳ ಕೊನೆಯ ಮೂರು ಅಂಕಿಗಳು ಯಾವಾಗಲೂ 0. ಆದ್ದರಿಂದ 8ರ ಅಪವರ್ತ್ಯಕ್ಕೆ ಏರಿಸಲು 7 ಸೇರಿಸಿ ಕೊನೆಯ ಮೂರು ಅಂಕಿಗಳನ್ನು 0 ಮಾಡಿದರೆ ಸಾಕು. 13ನ್ನು ತೆಗೆದುಕೊಳ್ಳಿ. 13 + 7 = 20. ದ್ವಿಮಾನದಲ್ಲಿ 20 ಎಂದರೆ 10100. ಕೊನೆಯ ಮೂರನ್ನು 0 ಮಾಡಿದರೆ 10000. ಅಂದರೆ 16. ಭಾಗಾಕಾರಕ್ಕಿಂತ ಇದು ಕಂಪ್ಯೂಟರಿಗೆ ಬಲು ಬೇಗ ಆಗುವ ಕೆಲಸ.

ಒಂದೇ ಮಗು, ಒಬ್ಬ ಶಿಕ್ಷಕರು

ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. 6ರಿಂದ 8ನೇ ತರಗತಿಗಳಲ್ಲಿ ಪ್ರತಿ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರು ಇರಬೇಕು ಎಂದು ಅದರ ಅನುಸೂಚಿ ಹೇಳುತ್ತದೆ. ಆ ಮೂರು ತರಗತಿಗಳಲ್ಲಿ 105 ಮಕ್ಕಳಿದ್ದರೆ ಈ ಅಳತೆಯಂತೆ 3 ಶಿಕ್ಷಕರು. 106 ಮಕ್ಕಳಿದ್ದರೆ?

ಕೆಳಕ್ಕೆ ಇಳಿಸುವ ಕ್ರಮವಿಧಿ 106 ÷ 35 = 3 ಎನ್ನುತ್ತದೆ. ಆಗ 3 ಶಿಕ್ಷಕರಿಗೆ 106 ಮಕ್ಕಳು, ಅಂದರೆ ಒಬ್ಬರಿಗೆ 35ಕ್ಕಿಂತ ಹೆಚ್ಚು ಮಕ್ಕಳಾದಂತಾಯಿತು. ಮೇಲಕ್ಕೆ ಏರಿಸುವ ಕ್ರಮವಿಧಿ (106 + 34) ÷ 35 = 4 ಎನ್ನುತ್ತದೆ. ಶೇಷ 1ನ್ನು ಕೈಬಿಟ್ಟರೆ ಬಿಟ್ಟುಹೋಗುವುದು ಒಂದು ಅಂಕಿಯಲ್ಲ, ಇಡೀ ಶಾಲೆಗೆ ಸಿಗಬೇಕಾದ ಒಬ್ಬ ಶಿಕ್ಷಕರು. ಕ್ರಮವಿಧಿಯ ಒಂದು ಸಾಲಿಗೆ ಎಷ್ಟು ತೂಕವಿದೆ ನೋಡಿ!

ಎಲ್ಲ ಕಡೆಯೂ ಏರಿಸಬಹುದೇ?

ಇಲ್ಲ. ಏರಿಸಬೇಕೋ, ಇಳಿಸಬೇಕೋ, ಹಾಗೆಯೇ ಬಿಡಬೇಕೋ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುವುದಿಲ್ಲ. ನಾವೇ ಯೋಚಿಸಬೇಕು. ಮೂರು ಉದಾಹರಣೆ ನೋಡೋಣ.

ಕುರುಗೋಡಿಗೆ ಪ್ರವಾಸ: ಶಾಲೆಯ 112 ಮಕ್ಕಳು, 5 ಶಿಕ್ಷಕರು ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದ ಏಕಶಿಲೆಯ ಬಸವಣ್ಣನನ್ನು ನೋಡಲು ಹೊರಟರು. ಬಸ್ಸಿಗೆ 50 ಆಸನ. 117 + 49 = 166. 166 ÷ 50, ಭಾಗಲಬ್ಧ 3. ಮೂರು ಬಸ್ಸು ಬೇಕು. ಇಲ್ಲಿ ಏರಿಸಲೇಬೇಕು. ಇಲ್ಲದಿದ್ದರೆ 17 ಮಂದಿ ಊರಲ್ಲೇ ಉಳಿಯುತ್ತಾರೆ.

ಬಳ್ಳಾರಿಯ ಜೀನ್ಸ್: ಬಳ್ಳಾರಿ ನಗರ ಜೀನ್ಸ್ ಉಡುಪುಗಳ ತಯಾರಿಕೆಗೆ ಹೆಸರಾದದ್ದು. 100 ಮೀಟರ್ ಬಟ್ಟೆಯಿದೆ, ಒಂದು ಪ್ಯಾಂಟಿಗೆ 130 ಸೆಂಟಿಮೀಟರ್ ಬೇಕು ಎಂದುಕೊಳ್ಳೋಣ. 10,000 ÷ 130, ಭಾಗಲಬ್ಧ 76, ಶೇಷ 120. ಇಲ್ಲಿ ಏರಿಸಿ 77 ಎಂದರೆ ಆಗದು. 77ನೇ ಪ್ಯಾಂಟಿಗೆ 10 ಸೆಂಟಿಮೀಟರ್ ಬಟ್ಟೆ ಸಾಲದು. ಇದ್ದ ವಸ್ತುವಿನಲ್ಲಿ ಎಷ್ಟು ಆಗುತ್ತದೆ ಎಂಬ ಪ್ರಶ್ನೆಗೆ ಕೆಳಕ್ಕೆ ಇಳಿಸಬೇಕು.

ಸಿರುಗುಪ್ಪದ ಭತ್ತ: ತುಂಗಭದ್ರೆಯ ನೀರಿನಿಂದ ಸಿರುಗುಪ್ಪದ ಸುತ್ತ ಭತ್ತ ಬೆಳೆಯುತ್ತಾರೆ. ಒಬ್ಬ ರೈತರ ಬಳಿ 1,000 ಕಿಲೋ ಭತ್ತವಿದೆ. ಒಂದು ಚೀಲಕ್ಕೆ 75 ಕಿಲೋ. 13 ಚೀಲ ತುಂಬಿ 25 ಕಿಲೋ ಉಳಿಯುತ್ತದೆ. ಖಾಲಿ ಚೀಲ ಕೊಳ್ಳುವಾಗ ಏರಿಸಿ 14 ಕೊಳ್ಳಬೇಕು. ಆದರೆ ಹಣ ಲೆಕ್ಕ ಹಾಕುವಾಗ? 13 ಚೀಲದ 975 ಕಿಲೋಗೆ ಇಳಿಸಿದರೆ ರೈತರಿಗೆ 25 ಕಿಲೋ ನಷ್ಟ. 14 ಚೀಲದ 1,050ಕ್ಕೆ ಏರಿಸಿದರೆ ಕೊಳ್ಳುವವರಿಗೆ 50 ಕಿಲೋ ನಷ್ಟ. ಅಲ್ಲಿ ಏರಿಕೆಯೂ ಬೇಡ, ಇಳಿಕೆಯೂ ಬೇಡ. 1,000 ಕಿಲೋ ಎಂದರೆ 1,000 ಕಿಲೋ.

ಮೊದಲು ಕೂಡಿ, ಆಮೇಲೆ ಏರಿಸಿ

ಮತ್ತೆ ಮೊಟ್ಟೆಗೆ ಬರೋಣ. ದಿನಕ್ಕೆ 127ರಂತೆ ಐದು ದಿನ ಮೊಟ್ಟೆ ಬೇಕು. ಪ್ರತಿದಿನವೂ ಹೊಸದಾಗಿ ಏರಿಸಿ ತರಿಸಿದರೆ 5 × 5 = 25 ಟ್ರೇ. ಆದರೆ ಮೊದಲ ದಿನ ಉಳಿದ 23 ಮೊಟ್ಟೆ ಮರುದಿನಕ್ಕೆ ಬರುತ್ತದಲ್ಲ? ಐದು ದಿನಗಳಿಗೆ ಒಟ್ಟು 127 × 5 = 635 ಮೊಟ್ಟೆ. ಇದನ್ನು ಒಮ್ಮೆ ಮಾತ್ರ ಏರಿಸಿದರೆ (635 + 29) ÷ 30, ಭಾಗಲಬ್ಧ 22. ಮೂರು ಟ್ರೇ, ಅಂದರೆ 90 ಮೊಟ್ಟೆ ಉಳಿತಾಯ! ಉಳಿದದ್ದನ್ನು ಮುಂದೆ ಬಳಸಲು ಸಾಧ್ಯವಿದ್ದಾಗ ಎಲ್ಲವನ್ನೂ ಕೂಡಿದ ಮೇಲೆ ಕೊನೆಯಲ್ಲಿ ಒಂದೇ ಸಲ ಏರಿಸಬೇಕು.

ಇನ್ನೊಂದು ಎಚ್ಚರ

ಹಳೆಯ ಸ್ಕೂಟರಿನ ಕಿಲೋಮೀಟರ್ ಎಣಿಸುವ ಮೀಟರ್ ನೋಡಿದ್ದೀರಾ? 99999 ಆದ ಮೇಲೆ ಅದು 00000ಕ್ಕೆ ತಿರುಗುತ್ತದೆ. ಕಂಪ್ಯೂಟರಿನಲ್ಲೂ ಸಂಖ್ಯೆ ಇಡುವ ಜಾಗಕ್ಕೆ ಮಿತಿಯುಂಟು. 16 ದ್ವಿಮಾನ ಅಂಕಿಗಳ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 65,535. ಅದರ ನಂತರ ಮತ್ತೆ 0.

ಅಂಥ ಜಾಗದಲ್ಲಿ 65,530 ಮೊಟ್ಟೆಗಳ ಲೆಕ್ಕ ಹಾಕಿದರೆ ಏನಾಗುತ್ತದೆ? 65,530 + 29 = 65,559. ಇದು ಹಿಡಿಯದೆ ಸುತ್ತಿಬಂದು 23 ಆಗುತ್ತದೆ. 23 ÷ 30, ಭಾಗಲಬ್ಧ 0. ಒಂದು ಟ್ರೇಯೂ ಬೇಡ ಎನ್ನುತ್ತದೆ ಕಂಪ್ಯೂಟರ್! ಇಲ್ಲಿ ನಮ್ಮ ಎರಡನೆಯ ದಾರಿಯೇ ಸರಿ. 65,530 ÷ 30, ಭಾಗಲಬ್ಧ 2,184, ಶೇಷ 10. ಶೇಷ ಇರುವುದರಿಂದ ಒಂದು ಸೇರಿಸಿ 2,185 ಟ್ರೇ. ಈಗಿನ ಕಂಪ್ಯೂಟರುಗಳಲ್ಲಿ ಇನ್ನೂ ದೊಡ್ಡ ಜಾಗಗಳಿವೆ. ಆದರೂ ಮಿತಿ ಎಲ್ಲಿದೆ ಎಂದು ತಿಳಿದಿರುವುದು ಒಳ್ಳೆಯದು.

ಮಾಡಿ ನೋಡಿ

ಬೇಕಾಗುವ ವಸ್ತು: 25 ಹುಣಸೆ ಬೀಜಗಳು.

1. 13 ಬೀಜಗಳನ್ನು ಎಣಿಸಿಕೊಳ್ಳಿ. ಅವುಗಳನ್ನು 5ರ ಅಪವರ್ತ್ಯಕ್ಕೆ ಏರಿಸಬೇಕು.
2. ಅವಕ್ಕೆ ಇನ್ನೂ 4 ಬೀಜ ಸೇರಿಸಿ.
3. ಐದೈದರ ಗುಂಪು ಮಾಡಿ. ಗುಂಪಾಗದೆ ಉಳಿದ ಬೀಜಗಳನ್ನು ಬದಿಗೆ ಸರಿಸಿ.
4. ಗುಂಪುಗಳಲ್ಲಿರುವ ಬೀಜ ಎಣಿಸಿ. 15 ಬಂತೇ?
5. ಹೀಗೆಯೇ 10, 11, 14, 15, 16 ಬೀಜಗಳಿಂದ ಆರಂಭಿಸಿ ಮಾಡಿ ನೋಡಿ. 4ರ ಬದಲು 5 ಬೀಜ ಸೇರಿಸಿದರೆ ಯಾವ ಸಂಖ್ಯೆಗಳಿಗೆ ತಪ್ಪು ಉತ್ತರ ಬರುತ್ತದೆ? ಗುರುತು ಹಾಕಿಕೊಳ್ಳಿ.

ಉತ್ತರಿಸಿ

1. 240 ಮಕ್ಕಳಿಗೆ ಎಷ್ಟು ಟ್ರೇ ಮೊಟ್ಟೆ ಬೇಕು? ‘ಯಾವಾಗಲೂ ಒಂದು ಸೇರಿಸು’ ಎಂಬ ತಪ್ಪು ವಿಧಾನ ಎಷ್ಟು ಎನ್ನುತ್ತದೆ?
2. 50 ಆಸನಗಳ ಬಸ್ಸಿನಲ್ಲಿ 150 ಮಂದಿ ಹೋಗಲು ಎಷ್ಟು ಬಸ್ಸು ಬೇಕು? 151 ಮಂದಿಗೆ?
3. 37ನ್ನು 8ರ ಅಪವರ್ತ್ಯಕ್ಕೆ ದ್ವಿಮಾನ ವಿಧಾನದಿಂದ ಏರಿಸಿ.
4. ಕುರುಗೋಡಿನ ರೈತರೊಬ್ಬರ ಬಳಿ 430 ಕಿಲೋ ಒಣ ಮೆಣಸಿನಕಾಯಿ ಇದೆ. ಚೀಲಕ್ಕೆ 40 ಕಿಲೋ ತುಂಬಿದರೆ ಎಷ್ಟು ಚೀಲ ಬೇಕು? ಎಷ್ಟು ಕಿಲೋಗೆ ಹಣ ಸಿಗಬೇಕು?
5. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಮೂರು ಶಾಲೆಗಳಲ್ಲಿ ಕ್ರಮವಾಗಿ 127, 95, 68 ಮಕ್ಕಳಿಗೆ ಮೊಟ್ಟೆ ಬೇಕು. ಒಟ್ಟು ಕೂಡಿ ಏರಿಸಬೇಕೋ, ಒಂದೊಂದು ಶಾಲೆಗೂ ಏರಿಸಬೇಕೋ? ಏಕೆ?

ಉತ್ತರಗಳು

1. 8 ಟ್ರೇ. ತಪ್ಪು ವಿಧಾನದಲ್ಲಿ 9.
2. 3 ಬಸ್ಸು. 151 ಮಂದಿಗೆ 4 ಬಸ್ಸು.
3. 37 + 7 = 44, ಅಂದರೆ 101100. ಕೊನೆಯ ಮೂರು ಅಂಕಿ 0 ಮಾಡಿದರೆ 101000, ಅಂದರೆ 40.
4. 11 ಚೀಲ. ಹಣ 430 ಕಿಲೋಗೇ ಸಿಗಬೇಕು.
5. ಒಟ್ಟು 290ಕ್ಕೆ 10 ಟ್ರೇ ಸಾಕು. ಆದರೆ ಮೂರು ಶಾಲೆಗಳೂ ಬೇರೆ ಬೇರೆ ಊರುಗಳಲ್ಲಿವೆ, ಇಡೀ ಟ್ರೇಗಳನ್ನೇ ಕಳುಹಿಸಬೇಕು. ಆದ್ದರಿಂದ ಒಂದೊಂದಕ್ಕೂ ಏರಿಸಿ 5 + 4 + 3 = 12 ಟ್ರೇ ಬೇಕು.

ಮಕ್ಕಳೇ, ಇನ್ನು ಮುಂದೆ ಭಾಗಾಕಾರ ಮಾಡಿದಾಗ ಶೇಷವನ್ನು ಕಂಡು ಬೇಸರಪಡಬೇಡಿ. ‘ಈ ಶೇಷ ಯಾರು? ಇದನ್ನು ಬಿಟ್ಟರೆ ಯಾರಿಗೆ ಕೊರತೆಯಾಗುತ್ತದೆ?’ ಎಂದು ಒಮ್ಮೆ ಕೇಳಿಕೊಳ್ಳಿ. ಮೇಷ್ಟ್ರ ಕಂಪ್ಯೂಟರಿನಲ್ಲಿ ಈಗ 29 ಸೇರಿದೆ. ಮರುದಿನ ಸಾಲಿನ ತುದಿಯ ಏಳು ಮಕ್ಕಳ ತಟ್ಟೆಯಲ್ಲೂ ಮೊಟ್ಟೆ ಇತ್ತು.